ಪಿಸಿಗೆ ಕಡಿಮಿ ರೇಟಿನ ಗೇಮ್ ಕಂಟ್ರೋಲರ್ ತಗೊಳ್ಳೋರಿಗೆ

ಬೆಳಗಾವಿ ದೋಸ್ತರ, ಸೂಟಿ ಬಂತು, ಮತ್ತ ಅದೇ ಪ್ರಶ್ನೆ: "ಅಣ್ಣಾ, ಯಾವ ಕಂಟ್ರೋಲರ್ ತಗೊಳ್ಳಲಿ?"

ನಾನು ಮೊದಲ ಖಡೇಬಜಾರಿನಾಗ ಚೌಕಾಸಿ ಮಾಡಿ ಒಂದು ಅಗ್ಗದ್ದು ತಂದಿದ್ದೆ. ಡಬ್ಬಿ ಮ್ಯಾಲ 'ಪಿಸಿ' ಅಂತ ದೊಡ್ಡದಾಗಿ ಬರದಿತ್ತು. ಮನಿಗೆ ಬಂದು ಹಚ್ಚಿದ್ರ ಅರ್ಧಕ್ಕರ್ಧ ಗೇಮ್ ಅದನ್ನ ಗುರುತ ಹಿಡೀಲಿಲ್ಲ. ಅದ್ರಾಗ ಇದ್ದದ್ದು ಕಂಟ್ರೋಲರ್ ವಿಂಡೋಸ್ ಜೋಡಿ ಮಾತಾಡೋ ಹಳೇ ಪದ್ಧತಿ, ಡೈರೆಕ್ಟ್‌ಇನ್‌ಪುಟ್ ಅಷ್ಟ. ಈಗಿನ ಬಹಳಷ್ಟು ಗೇಮ್ ಕೇಳೋದು ಹೊಸಾ ಪದ್ಧತಿ, ಎಕ್ಸ್‌ಇನ್‌ಪುಟ್, ಎಕ್ಸ್‌ಬಾಕ್ಸ್ 360 ಗೇಮ್ ಮಶೀನ್ ಕಾಲದಾಗ ಬಂದದ್ದು. ಡಬ್ಬಿ ಮ್ಯಾಲ ಎಕ್ಸ್‌ಇನ್‌ಪುಟ್ ಅಂತ ಇಲ್ಲಂದ್ರ ವಾಪಸ್ ಇಟ್ಟುಬಿಡ್ರಿ. ಬರೇ ಸ್ಟೀಮ್ ಅನ್ನೋ ಗೇಮ್ ಮಾರೋ ಆ್ಯಪ್‌ನಾಗ ಆಡೋರಾದ್ರ ಹಳೇದೂ ನಡೀತೈತಿ, ಅದು ತಾನ ಹೊಂದಿಸಿಕೊಳ್ತೈತಿ.

ಇನ್ನ ಸ್ಟಿಕ್, ಅಂದ್ರ ಹೆಬ್ಬೆರಳಿನಿಂದ ಆಡಿಸೋ ಸಣ್ಣ ಕಡ್ಡಿ. ಸಾದಾ ಸ್ಟಿಕ್ಕಿನೊಳಗ ಒಂದಕ್ಕೊಂದು ತಿಕ್ಕೋ ಭಾಗ ಇರ್ತಾವ. ಸವದಂಗ ಸವದಂಗ ನೀವು ಕೈ ಬಿಟ್ರೂ ಹೀರೋ ತಾನ ನಡಕೋತ ಹೋಗ್ತಾನ. ಅದಕ್ಕ ಡ್ರಿಫ್ಟ್ ಅಂತಾರ. ಹಾಲ್ ಎಫೆಕ್ಟ್ ಸ್ಟಿಕ್ ಆಯಸ್ಕಾಂತದ ಮ್ಯಾಲ ನಡೀತೈತಿ, ಸವೆಯೂದು ಭಾಳ ಕಡಿಮಿ. ನೂರಿನ್ನೂರು ಹೆಚ್ಚಾದ್ರೂ ರೊಕ್ಕ ಇದಕ್ಕ ಹಾಕ್ರಿ, ಬಣ್ಣದ ಲೈಟಿಗಲ್ಲ.

ವೈರ್ ಇದ್ದದ್ದ ಸಾಕು. ಬ್ಯಾಟರಿ ಚಿಂತಿ ಇಲ್ಲ, ತಡಾನೂ ಕಡಿಮಿ. ವೈರ್‌ಲೆಸ್ಸೇ ಬೇಕಂದ್ರ ಬ್ಲೂಟೂತ್‌ಗಿಂತ 2.4 ಗಿಗಾಹರ್ಟ್ಸ್ ಡಾಂಗಲ್ (ಯುಎಸ್‌ಬಿಗೆ ಹಚ್ಚೋ ಸಣ್ಣ ತುಂಡು) ಚಲೋ.

ಅಂಗಡಿಗೆ ಲ್ಯಾಪ್‌ಟಾಪ್ ಒಯ್ದು ಕಂಟ್ರೋಲರ್ ಹಚ್ಚ್ರಿ. ವಿಂಡೋಸ್ ಸರ್ಚ್‌ನಾಗ 'ಸೆಟ್ ಅಪ್ ಯುಎಸ್‌ಬಿ ಗೇಮ್ ಕಂಟ್ರೋಲರ್ಸ್' ತಗದು, ಪ್ರಾಪರ್ಟೀಸ್ ಒತ್ತಿ, ಸ್ಟಿಕ್ ಬಿಟ್ಟಾಗ ಗುರುತು ನಟ್ಟನಡುವ ನಿಲ್ತೈತೇನು ನೋಡ್ರಿ. ಟ್ರಿಗರ್ (ತೋರುಬೆರಳಿನಿಂದ ಒತ್ತೋ ಹಿಂದಿನ ಗುಂಡಿ) ಮೆಲ್ಲಕ ಒತ್ತಿದಂಗ ಪಟ್ಟಿನೂ ಮೆಲ್ಲಕ ಸರೀಬೇಕು, ಒಮ್ಮಿಗೇ ಹಾರಬಾರ್ದು. ಕಾರ್ ರೇಸ್ ಆಡೋರಿಗೆ ಇದ ಮುಖ್ಯ. ಅಂಗಡಿಯವ್ರು ಮಾರಿ ಕಿವುಚಿದ್ರ ಕಿವುಚಲಿ, ರೊಕ್ಕ ನಿಮ್ದು.