ಪ್ರೋಟೀನ್ ಸ್ಕಿಮ್ಮರ್‌ಗೆ ಸರಿಯಾದ ಪಂಪ್ ಆರಿಸುವುದು ಹೇಗೆ?

ಉಪ್ಪುನೀರಿನ ಅಕ್ವೇರಿಯಂ ಇಡುವವರಲ್ಲಿ ಬಹುಮಂದಿ ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್‌ನ ಪಂಪನ್ನು ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ‘ಗಂಟೆಗೆ ಇಷ್ಟು ಲೀಟರ್’ ಎಂಬ ಅಂಕಿಯನ್ನು ನೋಡಿ ಕೊಳ್ಳುತ್ತಾರೆ. ಆ ಅಂಕಿ ದೊಡ್ಡದಾದಷ್ಟೂ ಸ್ಕಿಮ್ಮರ್ ಚೆನ್ನಾಗಿ ದುಡಿಯುತ್ತದೆಂದು ನಂಬುತ್ತಾರೆ. ವಾರಗಳು ಕಳೆದರೂ ಕೊಳೆನೊರೆ ಸೇರಬೇಕಾದ ಕಪ್‌ನಲ್ಲಿ ಬರಿಯ ತಿಳಿನೀರು ತುಂಬುತ್ತದೆ, ಗಾಜಿಗೆ ಪಾಚಿ ಹತ್ತುತ್ತದೆ, ಕೊನೆಗೆ ಇಡೀ ಸ್ಕಿಮ್ಮರನ್ನೇ ಬದಲಿಸಲು ಹೊರಡುತ್ತಾರೆ. ಇಂಥ ದುಂದು ಬೇಕಾಗಿಲ್ಲ. ತಪ್ಪು ನಡೆದಿರುವುದು ಸಾಮಾನ್ಯವಾಗಿ ಪಂಪಿನ ಆಯ್ಕೆಯಲ್ಲಿ.

ಮೀನಿನ ವಿಸರ್ಜನೆ, ಮೈಲೋಳೆ, ತಿನ್ನದೆ ಉಳಿದ ಆಹಾರ ಇವುಗಳಿಂದ ನೀರಿಗೆ ಸೇರುವ ಸಾವಯವ ಅಣುಗಳಲ್ಲಿ ಅನೇಕವುಗಳ ಒಂದು ತುದಿ ನೀರಿಗೆ ಒಲಿದರೆ ಇನ್ನೊಂದು ತುದಿ ನೀರಿನಿಂದ ದೂರ ಸರಿಯುತ್ತದೆ. ಆದ್ದರಿಂದ ಅವು ಗಾಳಿಗುಳ್ಳೆಯ ಮೈಗೆ ಅಂಟಿಕೊಂಡು ನೊರೆಯೊಡನೆ ಮೇಲೇರಿ ಕಪ್‌ಗೆ ಬೀಳುತ್ತವೆ. ಅಷ್ಟೇ ಗಾಳಿಯನ್ನು ಅರ್ಧ ವ್ಯಾಸದ ಗುಳ್ಳೆಗಳಾಗಿ ಒಡೆದರೆ ಅಂಟಿಕೊಳ್ಳಲು ಸಿಗುವ ಮೇಲ್ಮೈ ಎರಡು ಪಟ್ಟಾಗುತ್ತದೆ. ಹೀಗಾಗಿ ಈ ಪಂಪಿನ ಮುಖ್ಯ ಕೆಲಸ ನೀರು ಸಾಗಿಸುವುದಲ್ಲ. ವೆಂಚುರಿಯ (ನೀರು ರಭಸದಿಂದ ಹರಿಯುವಾಗ ಗಾಳಿಯನ್ನು ಒಳಗೆಳೆಯುವ ಕಿರಿದಾದ ಕೊಳವೆ) ಮೂಲಕ ಗಾಳಿಯನ್ನು ಎಳೆದುಕೊಂಡು, ಸೂಜಿಗಳಂಥ ಕಡ್ಡಿಗಳಿರುವ ಇಂಪೆಲ್ಲರ್‌ನಿಂದ (ಪಂಪಿನೊಳಗೆ ತಿರುಗುವ ಚಕ್ರ), ಕಡೆಗೋಲು ಮೊಸರನ್ನು ಕಡೆಯುವಂತೆ, ಅದನ್ನು ನೀರಿನೊಳಗೆ ನುಣ್ಣಗೆ ಕಡೆಯುವುದೇ ಅದರ ಕೆಲಸ.

ಮೊದಲು ತೊಟ್ಟಿ ಮತ್ತು ಸಂಪ್ (ತೊಟ್ಟಿಯ ಕೆಳಗಿಟ್ಟು ಸಲಕರಣೆಗಳನ್ನು ಕೂರಿಸುವ ಎರಡನೆಯ ತೊಟ್ಟಿ) ಎರಡರ ನೀರನ್ನೂ ಕೂಡಿಸಿ, ಕಲ್ಲು ಮರಳು ಹಿಡಿದಿರುವ ಜಾಗವನ್ನು ಕಳೆದು, ನಿಜವಾದ ಲೀಟರ್ ಎಷ್ಟೆಂದು ಬರೆದಿಟ್ಟುಕೊಳ್ಳಿ.

ಎರಡನೆಯದಾಗಿ ಸ್ಕಿಮ್ಮರ್ ಯಾವ ಬಗೆಯದೆಂದು ಖಚಿತಪಡಿಸಿಕೊಳ್ಳಿ. ನೀರನ್ನು ರಭಸದಿಂದ ಚಿಮ್ಮಿಸಿ ಗುಳ್ಳೆ ಮಾಡುವ ಬೆಕೆಟ್ ಮತ್ತು ಡೌನ್‌ಡ್ರಾಫ್ಟ್ ಬಗೆಗಳಿಗೆ ಒತ್ತಡ ಹೆಚ್ಚಿರುವ ದೊಡ್ಡ ಪಂಪ್ ಬೇಕು, ಅದರಿಂದ ವಿದ್ಯುತ್ತಿನ ಖರ್ಚೂ ಹೆಚ್ಚು. ಒಳಗಿನ ನೀರನ್ನೇ ಮತ್ತೆ ಮತ್ತೆ ಸುತ್ತಿಸುವ ರೀಸರ್ಕ್ಯುಲೇಟಿಂಗ್ ಬಗೆಗೆ ಗುಳ್ಳೆ ಮಾಡುವ ಪಂಪ್ ಒಂದಾದರೆ ನೀರುಣಿಸುವ ಪಂಪ್ ಇನ್ನೊಂದು. ಉಣಿಸುವ ಪಂಪ್ ತೊಟ್ಟಿಯ ನೀರನ್ನು ಗಂಟೆಗೆ ಸುಮಾರು ಒಂದು ಸಲ ಹಾಯಿಸಿದರೆ ಸಾಕು. ಮರದ ಏರ್‌ಸ್ಟೋನ್ (ಗಾಳಿಯನ್ನು ಗುಳ್ಳೆಗಳಾಗಿ ಬಿಡುವ, ರಂಧ್ರಗಳಿರುವ ಮರದ ತುಂಡು) ಬಳಸುವ ಬಗೆ ಅಗ್ಗವಾದರೂ ಕೆಲವೇ ವಾರಗಳಲ್ಲಿ ಆ ತುಂಡಿನ ರಂಧ್ರಗಳು ಮುಚ್ಚಿಹೋಗುವುದರಿಂದ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ಮನೆಯ ತೊಟ್ಟಿಗೆ ಸಂಪ್‌ನೊಳಗೆ ಕೂರುವ, ಸೂಜಿ ಇಂಪೆಲ್ಲರ್‌ನ ಸ್ಕಿಮ್ಮರೇ ಸರಿ.

ಮೂರನೆಯ ಹೆಜ್ಜೆಯಲ್ಲಿ ಬಹಳ ಮಂದಿ ಎಡವುತ್ತಾರೆ. ಪೆಟ್ಟಿಗೆಯ ಮೇಲಿನ ಲೀಟರ್ ಅಂಕಿಯು ಯಾವ ಎತ್ತರಕ್ಕೂ ನೀರೆತ್ತದೆ, ಗಾಳಿ ಸೇರಿಸದೆ, ಬರಿಯ ನೀರನ್ನು ಓಡಿಸಿ ಅಳೆದದ್ದು. ಗಾಳಿ ಬೆರೆತ ಕೂಡಲೇ ಆ ಹರಿವು ತೀವ್ರವಾಗಿ ಇಳಿಯುತ್ತದೆ. ಆದ್ದರಿಂದ ಕೇಳಬೇಕಾದದ್ದು ಗಂಟೆಗೆ ಎಷ್ಟು ಲೀಟರ್ ಗಾಳಿ ಎಳೆಯುತ್ತದೆ ಮತ್ತು ಎಷ್ಟು ಆಳದಲ್ಲಿ ಎಳೆಯುತ್ತದೆ ಎಂಬ ಎರಡು ಪ್ರಶ್ನೆಗಳನ್ನು. ಸಂಪ್‌ನಲ್ಲಿ ನೀರು ಆಳವಾದಷ್ಟೂ ವೆಂಚುರಿ ಹೆಚ್ಚಿನ ಒತ್ತಡಕ್ಕೆ ಎದುರಾಗಿ ಗಾಳಿಯನ್ನು ಎಳೆಯಬೇಕಾಗುತ್ತದೆ. 15ರಿಂದ 20 ಸೆಂಟಿಮೀಟರ್ ಆಳಕ್ಕೆ ರೂಪಿಸಿದ ಪಂಪ್ 30 ಸೆಂಟಿಮೀಟರ್ ಆಳದಲ್ಲಿ ಸೋಲುತ್ತದೆ. ಸಂಪ್ ಆಳವಾಗಿದ್ದರೆ ಸ್ಕಿಮ್ಮರನ್ನು ಪೀಠದ ಮೇಲೆ ಎತ್ತರಿಸಿ ಕೂರಿಸಿ, ದೊಡ್ಡ ಪಂಪ್ ತರಬೇಡಿ.

ಹಾಗೆಂದು ಗಾಳಿ ಹೆಚ್ಚಿದಷ್ಟೂ ಒಳ್ಳೆಯದೆಂದಲ್ಲ. ನೊರೆ ಕಟ್ಟಲು ಸ್ಕಿಮ್ಮರ್‌ನ ಕತ್ತಿನಲ್ಲಿ ನೀರು ಶಾಂತವಾಗಿರಬೇಕು. ಕಿರಿದಾದ ಕೊಳವೆಗೆ ಮಿತಿಮೀರಿದ ಗಾಳಿ ನುಗ್ಗಿಸಿದರೆ ಒಳಗೆ ಕುದಿತವೆದ್ದು, ಕಟ್ಟಿದ ನೊರೆ ಕೂಡಲೇ ಒಡೆದು, ಬರಿಯ ನೀರು ಕಪ್‌ಗೆ ಚಿಮ್ಮುತ್ತದೆ. ಸುಮಾರು 15 ಸೆಂಟಿಮೀಟರ್ ವ್ಯಾಸದ ಸ್ಕಿಮ್ಮರ್ ಇರುವ 300ರಿಂದ 400 ಲೀಟರ್ ತೊಟ್ಟಿಗೆ ಗಂಟೆಗೆ 400ರಿಂದ 600 ಲೀಟರ್ ಗಾಳಿ ಎಳೆಯುವ ಪಂಪನ್ನು ನಾನು ಆರಿಸುತ್ತೇನೆ. ಮೀನು ಕಡಿಮೆಯಿದ್ದರೆ ಕೆಳಗಿನ ಅಂಕಿಯೇ ಲೇಸು, ಏಕೆಂದರೆ ಕೊಳೆ ಸಾಲದಿದ್ದರೆ ದೊಡ್ಡ ಸ್ಕಿಮ್ಮರ್‌ನಲ್ಲಿ ನೊರೆ ಕಪ್‌ನವರೆಗೆ ಏರುವುದೇ ಇಲ್ಲ.

ಗಾಳಿಯ ಪ್ರಮಾಣವನ್ನು ಮನೆಯಲ್ಲೇ ಅಳೆಯಬಹುದು. ಒಂದು ಲೀಟರ್ ಬಾಟಲಿಯನ್ನು ಬಾಯಿ ಕೆಳಗಾಗಿ, ಗಾಳಿ ತುಂಬಿರುವಂತೆಯೇ ನೀರಿನ ಬಕೆಟ್ಟಿನಲ್ಲಿ ಹಿಡಿಯಿರಿ. ಪಂಪಿನ ಗಾಳಿಕೊಳವೆಯ ತುದಿಯನ್ನು ಅದರೊಳಗೆ, ಈಗ ಮೇಲಾಗಿರುವ ಬಾಟಲಿಯ ತಳ ಮುಟ್ಟುವವರೆಗೆ ತೂರಿಸಿ ಪಂಪ್ ಚಾಲೂ ಮಾಡಿ. ಬಾಟಲಿಯ ಒಳಗಿನ ನೀರು ಮತ್ತು ಹೊರಗಿನ ನೀರು ಒಂದೇ ಮಟ್ಟದಲ್ಲಿರುವಂತೆ ಬಾಟಲಿಯನ್ನು ನಿಧಾನವಾಗಿ ಒತ್ತುತ್ತಾ ಹೋಗಿ, ಇಲ್ಲವಾದರೆ ಅಳತೆ ಕಡಿಮೆ ಬರುತ್ತದೆ. ಅರ್ಧ ಲೀಟರ್ ಗಾಳಿ ಖಾಲಿಯಾಗಲು 3 ಸೆಕೆಂಡ್ ಹಿಡಿದರೆ ಗಂಟೆಗೆ 600 ಲೀಟರ್, 6 ಸೆಕೆಂಡ್ ಹಿಡಿದರೆ 300 ಲೀಟರ್. ಈ ಪರೀಕ್ಷೆಯನ್ನು ಸ್ಕಿಮ್ಮರ್ ತನ್ನ ಜಾಗದಲ್ಲಿ, ಉಪ್ಪುನೀರಿನಲ್ಲಿ ಓಡುತ್ತಿರುವಾಗಲೇ ಮಾಡಬೇಕು. ನಲ್ಲಿನೀರಿನ ಬಕೆಟ್ಟಿನಲ್ಲಿ ಪಂಪ್ ಓಡಿಸಿ, ಗುಳ್ಳೆ ದಪ್ಪವಾಗಿದೆಯೆಂದು ಅಂಗಡಿಗೆ ಹಿಂದಿರುಗಿಸುವವರನ್ನು ಕಂಡಿದ್ದೇನೆ. ಸಿಹಿನೀರಿನಲ್ಲಿ ಗುಳ್ಳೆಗಳು ಒಂದಕ್ಕೊಂದು ಕೂಡಿ ದಪ್ಪವಾಗುತ್ತವೆ, ಸಮುದ್ರದ ನೀರಿನ ಉಪ್ಪು ಆ ಕೂಡುವಿಕೆಯನ್ನು ತಡೆಯುತ್ತದೆ. ಅದು ಪಂಪಿನ ದೋಷವಲ್ಲ.

ಸೂಜಿ ಇಂಪೆಲ್ಲರ್‌ಗೆ ಬದಲಾಗಿ ಸಾಮಾನ್ಯ ಪಂಪಿನ ರೆಕ್ಕೆಗಳನ್ನು ಕತ್ತರಿಸಿ ಪ್ಲಾಸ್ಟಿಕ್ ಮೆಶ್ ಕಟ್ಟುವ ಉಪಾಯವೂ ಹವ್ಯಾಸಿಗಳಲ್ಲಿ ಬಳಕೆಯಲ್ಲಿದೆ. ಮೆಶ್ ಒಂದು ಬದಿಗೆ ತುಸು ಭಾರವಾದರೂ ಇಂಪೆಲ್ಲರ್ ಓಲಾಡಿ ಬೇರಿಂಗ್ ಸವೆಯುತ್ತದೆ, ಕೈ ಪಳಗದವರು ಅದಕ್ಕೆ ಹೋಗಬಾರದು. ಏರ್‌ಕೂಲರ್‌ನ ಪಂಪನ್ನಂತೂ ಮುಟ್ಟಲೇಬೇಡಿ. ಅದರ ಉಕ್ಕಿನ ಅಚ್ಚು (ಶಾಫ್ಟ್) ಉಪ್ಪುನೀರಿನಲ್ಲಿ ತುಕ್ಕು ಹಿಡಿಯುತ್ತದೆ, ತಾಮ್ರದ ಅಂಶ ಕರಗಿದರೆ ಹವಳ, ಸೀಗಡಿ, ಬಸವನಹುಳುಗಳು ಸಾಯುತ್ತವೆ. ಅಚ್ಚು ಸಿರಾಮಿಕ್‌ನದಾಗಿರಬೇಕು, ಮೋಟಾರು ಎಪಾಕ್ಸಿಯಲ್ಲಿ ಪೂರ್ತಿ ಮುಚ್ಚಿರಬೇಕು.

ಇನ್ನು ವಿದ್ಯುತ್ತು. ಅಮೆರಿಕದಲ್ಲಿರುವ ಬಂಧುಗಳ ಕೈಯಲ್ಲಿ ಪಂಪ್ ತರಿಸುವವರು ವೋಲ್ಟೇಜ್ ಒಂದನ್ನೇ ನೋಡಿ ಟ್ರಾನ್ಸ್‌ಫಾರ್ಮರ್ ಕೊಳ್ಳುತ್ತಾರೆ. ಅಲ್ಲಿಯ ವಿದ್ಯುತ್ತು 60 ಹರ್ಟ್ಸ್, ನಮ್ಮದು 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಬದಲಿಸುತ್ತದೆಯೇ ಹೊರತು ಹರ್ಟ್ಸನ್ನಲ್ಲ. ಎಸಿ ಪಂಪ್‌ಗಳ ಸಿಂಕ್ರೊನಸ್ ಮೋಟಾರಿನ ವೇಗ ಹರ್ಟ್ಸನ್ನೇ ಅನುಸರಿಸುವುದರಿಂದ ಅಂಥ ಪಂಪ್ ಇಲ್ಲಿ ಆರರಲ್ಲಿ ಒಂದು ಭಾಗದಷ್ಟು ವೇಗ ಕಳೆದುಕೊಂಡು ಗಾಳಿಯನ್ನೂ ಕಡಿಮೆ ಎಳೆಯುತ್ತದೆ. 230 ವೋಲ್ಟ್, 50 ಹರ್ಟ್ಸ್ ಎಂದು ಅಚ್ಚಾಗಿರುವುದನ್ನೇ ಕೊಳ್ಳಿ. ಮುಳುಗಿರುವ ಪಂಪ್ ಬಳಸುವ ಪ್ರತಿಯೊಂದು ವ್ಯಾಟ್ ಹೆಚ್ಚುಕಡಿಮೆ ಪೂರ್ತಿಯಾಗಿ ಶಾಖವಾಗಿ ನೀರಿಗೇ ಸೇರುತ್ತದೆಂಬುದನ್ನು ಕರಾವಳಿಯವರು ಬೇಸಿಗೆಗೆ ಮುಂಚೆಯೇ ಯೋಚಿಸಬೇಕು. 40 ವ್ಯಾಟ್ ಪಂಪ್ ತಿಂಗಳಿಗೆ ಸುಮಾರು 29 ಯೂನಿಟ್ ನುಂಗಿದರೆ 15 ವ್ಯಾಟ್‌ನದಕ್ಕೆ 11 ಯೂನಿಟ್ ಸಾಕು.

ಎಸಿ, ಡಿಸಿ ಎರಡರಲ್ಲಿ ನನ್ನ ಆಯ್ಕೆ ಡಿಸಿ. ವೇಗವನ್ನು ಹಂತಹಂತವಾಗಿ ಹೊಂದಿಸಬಹುದಾದ್ದರಿಂದ ಗಾಳಿಯ ಪ್ರಮಾಣ ಕೈಯಲ್ಲಿರುತ್ತದೆ. ಎಸಿ ಪಂಪ್ ಕೆಲವೊಮ್ಮೆ ಹಿಮ್ಮುಖವಾಗಿ ತಿರುಗಲಾರಂಭಿಸಿ ಗಾಳಿಯನ್ನೇ ಎಳೆಯದೆ ಗುರುಗುಟ್ಟುವ ತೊಂದರೆಯೂ ಡಿಸಿಯಲ್ಲಿಲ್ಲ. ಮನೆಯ ಇನ್ವರ್ಟರ್ ಸ್ಕ್ವೇರ್‌ವೇವ್ ಬಗೆಯದಾಗಿದ್ದರೆ ಎಸಿ ಪಂಪ್ ಸದ್ದು ಮಾಡಿ ಬಿಸಿಯಾಗುತ್ತದೆ, ಸೈನ್‌ವೇವ್ ಆದರೆ ಚಿಂತೆಯಿಲ್ಲ. ಕರೆಂಟು ಹೋದಾಗ ತೊಟ್ಟಿಯ ನೀರು ಸಂಪ್‌ಗೆ ಇಳಿದು ಮಟ್ಟ ಏರುತ್ತದೆ; ಕರೆಂಟು ಬಂದ ಕೂಡಲೇ ಸ್ಕಿಮ್ಮರ್ ಉಕ್ಕಿ ಕಪ್‌ನ ಕೊಳೆಯೆಲ್ಲ ಮತ್ತೆ ನೀರಿಗೆ ಚೆಲ್ಲುತ್ತದೆ. ಇದನ್ನು ತಡೆಯಲು ಕೆಲವು ನಿಮಿಷ ತಡವಾಗಿ ಚಾಲೂ ಆಗುವ ಕಂಟ್ರೋಲರ್ ಇರುವುದನ್ನು ಹುಡುಕಿ. ತಂತಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ತು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್) ಹಾಕಿಸುವುದನ್ನು ಮರೆಯಬೇಡಿ.

ಹೊಸ ಪಂಪ್ ಕೂರಿಸಿದ ಮೇಲೆ ಮೊದಲ ಒಂದೆರಡು ವಾರ ನೊರೆ ಅಡ್ಡಾದಿಡ್ಡಿಯಾಗಿ ಏರಿಳಿಯುತ್ತದೆ, ಆಗ ಸ್ಕಿಮ್ಮರ್‌ನ ವಾಲ್ವನ್ನು ಪದೇಪದೇ ತಿರುಗಿಸಬಾರದು. ಬಳಿಕ ವಾರಕ್ಕೊಮ್ಮೆ ಬೆಚ್ಚಗಿನ ನೀರನ್ನು ಗಾಳಿಕೊಳವೆಯಲ್ಲಿ ಹರಿಸಿ ಉಪ್ಪಿನ ಕಟ್ಟು ಕರಗಿಸಿ. ಎರಡು ಮೂರು ತಿಂಗಳಿಗೊಮ್ಮೆ ಪಂಪನ್ನು ಬಿಚ್ಚಿ ವಿನೆಗರ್ ಬೆರೆಸಿದ ನೀರಿನಲ್ಲಿ ನೆನೆಸಿದರೆ ಇಂಪೆಲ್ಲರ್‌ಗೆ ಹತ್ತಿದ ಸುಣ್ಣ ಬಿಡುತ್ತದೆ. ಹಾಗೆ ಬಿಚ್ಚುವಾಗ ಸೂಜಿಗಳು ಮುರಿಯುವ ಸಂಭವವಿರುವುದರಿಂದ, ಬಿಡಿ ಇಂಪೆಲ್ಲರ್ ನಮ್ಮ ದೇಶದಲ್ಲೇ ಸಿಗುವ ಪಂಪನ್ನು ಮಾತ್ರ ಆರಿಸಿ, ಪಂಪ್ ಕೊಳ್ಳುವ ದಿನವೇ ಒಂದನ್ನು ಹೆಚ್ಚಿಗೆ ತಂದಿಟ್ಟುಕೊಳ್ಳಿ.