ಲೈನ್ ಮನೆ ಸರ್ವೆಯಲ್ಲಿ ಸಂತೆ ಲೆಕ್ಕ ಹಿಡಿದು ಕೇಳಿ

ಕಾಫಿ ತೋಟದ ಲೈನ್ ಮನೆಗಳಿಗೆ, ಅಂದರೆ ತೋಟದ ಕಾರ್ಮಿಕರು ಇರುವ ಸಾಲುಮನೆಗಳಿಗೆ, ಸರ್ವೆಗೆ ಹೋಗುವವರು "ಹೋದ ತಿಂಗಳು ಎಷ್ಟು ದಿನ ಕೆಲಸ?" ಅಂತ ಕೇಳಬೇಡಿ. "ಹೋದ ಸಂತೆಯಿಂದ ಈ ಸಂತೆವರೆಗೆ ಯಾವ್ಯಾವ ದಿನ ಹೋದ್ರಿ?" ಅನ್ನಿ, ಒಂದೊಂದೇ ದಿನಕ್ಕೆ ಗುರುತು ಹಾಕಿಕೊಳ್ಳಿ. ಮಡಿಕೇರಿ ಕಡೆಯಾದರೆ ಶುಕ್ರವಾರದಿಂದ ಶುಕ್ರವಾರ. ತಿಂಗಳು ಅಂದರೆ ಜನ ಅಂದಾಜಿಗೆ 20, 25 ಅಂತ ಹೇಳಿಬಿಡುತ್ತಾರೆ. ಸಂತೆ ಹಾಗಲ್ಲ. ಒಣಮೀನು ಕೊಂಡದ್ದು, ಕೈಯಲ್ಲಿ ಉಳಿದ ದುಡ್ಡು ಎಲ್ಲ ನೆನಪಿರುತ್ತೆ, ಅದರ ಜೊತೆಗೇ ಕೆಲಸದ ದಿನವೂ ನೆನಪಾಗುತ್ತೆ. ಆದರೆ ಒಂದು ವಾರದ ಲೆಕ್ಕವನ್ನು ಸುಮ್ನೆ 52ರಿಂದ ಗುಣಿಸಿ ವರ್ಷದ್ದು ಅಂತ ಬರೆಯಬೇಡಿ, ದಯವಿಟ್ಟು. ಕುಯ್ಲಿನ ವಾರ ಬೇರೆ, ಜಡಿಮಳೆಯ ವಾರವೇ ಬೇರೆ ಅಲ್ವಾ? ಕುಯ್ಲಿಗೆಂದೇ ಹೊರಗಿಂದ ಬಂದವರು ಸಂತೆಗೆ ಹೋಗದಿದ್ದರೆ ಕೂಲಿ ಕೊಡುವ ಬಟವಾಡೆ ದಿನ ಹಿಡಿದು ಕೇಳಿ.