ಗೇಮ್‌ಗೆ ಸದ್ದು ಕಟ್ಟುವ ಕೆಲಸ: ಎಲ್ಲಿಂದ ಶುರು ಮಾಡಬೇಕು?

ಸಿನಿಮಾದಲ್ಲಿ ನಾಯಕ ಬಾಗಿಲು ತೆಗೆಯುವುದು ಒಂದೇ ಸಲ. ಅದಕ್ಕೆ ಒಂದು ಕಿರ್ರೆನ್ನುವ ಸದ್ದು ಸಾಕು. ಗೇಮ್‌ನಲ್ಲಿ ಹಾಗಲ್ಲ. ಆಡುವ ಹುಡುಗಿ ಅದೇ ಬಾಗಿಲನ್ನು 50 ಸಲ ತೆಗೆಯಬಹುದು, ಓಡಿ ಬಂದು ಒದೆಯಬಹುದು, ಅದರ ಹತ್ತಿರ ಸುಳಿಯದೆಯೂ ಇರಬಹುದು. ಇದನ್ನೆಲ್ಲ ಮೊದಲೇ ಯೋಚಿಸಿ ಸದ್ದು ಸಿದ್ಧ ಮಾಡಿಡುವವರೇ ಗೇಮ್ ಸೌಂಡ್ ಡಿಸೈನರ್. ಸಂಗೀತ ಮಾಡುವವರ ಕೆಲಸ ಬೇರೆ, ಇದು ಬೇರೆ. ಕೀಬೋರ್ಡ್ ನುಡಿಸಲು ಬರದಿದ್ದರೂ ನಡೆಯುತ್ತದೆ. ಕಿವಿ ಚುರುಕಾಗಿರಬೇಕು, ತಾಳ್ಮೆ ಇರಬೇಕು.

ಈ ಕೆಲಸಕ್ಕೆ ಬರಬೇಕು ಅನ್ನುವವರು ಮೊದಲು ಕೇಳುವುದು ಯಾವ ಮೈಕ್ ತಗೊಳ್ಳಲಿ ಅಂತ. ಮೈಕ್ ಆಮೇಲೆ ನೋಡೋಣ. ಕೈಯಲ್ಲಿರುವ ಫೋನ್ ಸದ್ಯಕ್ಕೆ ಸಾಕು.

ಒಂದು ಹೆಜ್ಜೆ, ಎಂಟು ಸಲ

ಮೊದಲ ಪಾಠಕ್ಕೆ ಕಾಲಿನ ಸದ್ದಿಗಿಂತ ಒಳ್ಳೆಯದು ಇನ್ನೊಂದಿಲ್ಲ. ರಾತ್ರಿ ಬೀದಿ ತಣ್ಣಗಾದ ಮೇಲೆ ಫ್ಯಾನ್ ಆರಿಸಿ, ಫ್ರಿಜ್ಜನ್ನೂ ಸ್ವಲ್ಪ ಹೊತ್ತು ಆಫ್ ಮಾಡಿ. ಗಾರೆ ನೆಲ, ಮರದ ಮೆಟ್ಟಿಲು, ಜಲ್ಲಿ, ಒಣ ಎಲೆ, ಹೀಗೆ ಒಂದೊಂದರ ಮೇಲೂ ಎಂಟು ಹೆಜ್ಜೆ ಇಟ್ಟು ರೆಕಾರ್ಡ್ ಮಾಡಿ. ಎಂಟು ಯಾಕೆ? ಒಂದೇ ಸದ್ದನ್ನು ಮತ್ತೆ ಮತ್ತೆ ಹಾಕಿದರೆ ಹತ್ತನೇ ಸಲಕ್ಕೆ ಅದು ನಡಿಗೆ ಅನ್ನಿಸುವುದೇ ಇಲ್ಲ, ಮಷಿನ್‌ಗನ್ ಥರ ಕೇಳುತ್ತದೆ. ಎಂಟರಲ್ಲಿ ಯಾವುದೋ ಒಂದು, ಅದೂ ಪ್ರತಿ ಸಲ ಶ್ರುತಿ ಮತ್ತು ವಾಲ್ಯೂಮ್ ಕೂದಲೆಳೆಯಷ್ಟು ಬದಲಾಗಿ ಬಂದರೆ ಕಿವಿ ನಂಬುತ್ತದೆ.

ರೆಕಾರ್ಡ್ ಮಾಡಿದ್ದನ್ನು ಕತ್ತರಿಸಿ ಶುಚಿ ಮಾಡಲು ಆಡಾಸಿಟಿ ಅನ್ನುವ ತಂತ್ರಾಂಶ ಇದೆ, ಪೂರ್ತಿ ಉಚಿತ. ನಾನು ಹೇಳುವುದಾದರೆ ರೀಪರ್ ಕಲಿಯಿರಿ. 60 ದಿನ ದುಡ್ಡು ಕೊಡದೆ ಬಳಸಬಹುದು, ಆಮೇಲೆ ಕಡಿಮೆ ಬೆಲೆಗೆ ಲೈಸೆನ್ಸ್ ಸಿಗುತ್ತದೆ. ಗೇಮ್ ಆಡಿಯೊ ಮಾಡುವವರು ಇದನ್ನು ಜಾಸ್ತಿ ಬಳಸುತ್ತಾರೆ, ಯಾಕಂದ್ರೆ ನೂರಾರು ಸಣ್ಣ ಫೈಲ್‌ಗಳಿಗೆ ಒಂದೇ ಏಟಿಗೆ ಹೆಸರಿಟ್ಟು ಹೊರತೆಗೆಯಬಹುದು. ಫೈಲ್‌ಗಳನ್ನು 48 ಕಿಲೋಹರ್ಟ್ಜ್, 24 ಬಿಟ್‌ನಲ್ಲಿ (ಸದ್ದನ್ನು ಎಷ್ಟು ಸೂಕ್ಷ್ಮವಾಗಿ ದಾಖಲಿಸಬೇಕು ಅನ್ನುವ ಸೆಟ್ಟಿಂಗ್) ಇಟ್ಟುಕೊಳ್ಳಿ.

ಇನ್ನು ಮನೆಯೊಳಗೇ ಹುಡುಕಿ. ಮೊರದಲ್ಲಿ ರಾಗಿ ಹಾಕಿ ನಿಧಾನವಾಗಿ ವಾಲಿಸಿದರೆ ಅಲೆ ದಡಕ್ಕೆ ಬಂದು ಹೋದ ಹಾಗೆ ಕೇಳುತ್ತದೆ. ಕಬ್ಬಿನ ಜಲ್ಲೆ ಮುರಿದರೆ ಮೂಳೆ ಮುರಿದ ಸದ್ದು. ಕಾರ್ನ್‌ಫ್ಲೋರನ್ನು ಬಟ್ಟೆ ಚೀಲದಲ್ಲಿ ಕಟ್ಟಿ ಹಿಸುಕಿದರೆ ಹಿಮದ ಮೇಲಿನ ಹೆಜ್ಜೆ. ಕೊನೆಯದು ಸಿನಿಮಾದವರ ಹಳೇ ಉಪಾಯ. ತುಕ್ಕು ಹಿಡಿದ ಗೇಟಿನ ಕಿರ್ರನ್ನು ಎರಡು ಆಕ್ಟೇವ್ (ಸ್ಥಾಯಿ) ಕೆಳಗಿಳಿಸಿ ನೋಡಿ. ಯಾವುದೋ ದೊಡ್ಡ ಪ್ರಾಣಿ ಕತ್ತಲಲ್ಲಿ ಉಸಿರು ಬಿಟ್ಟಂತೆ ಇರುತ್ತದೆ. ಮೊದಲ ಸಲ ಅದನ್ನು ಕೇಳಿದ ಖುಷಿ ನನಗೆ ಇವತ್ತಿಗೂ ಮರೆತಿಲ್ಲ.

ಫ್ರೀಸೌಂಡ್ ಥರದ ಉಚಿತ ಭಂಡಾರಗಳೂ ಇವೆ. ಅದನ್ನು ಬಾರ್ಸಿಲೋನಾದ ಒಂದು ವಿಶ್ವವಿದ್ಯಾಲಯದವರು 2005ರಲ್ಲಿ ಶುರು ಮಾಡಿದರು. ಆದರೆ ಪ್ರತಿ ಸದ್ದಿನ ಲೈಸೆನ್ಸ್ ಓದಿ. ಕೆಲವನ್ನು ದುಡ್ಡು ಮಾಡುವ ಕೆಲಸಕ್ಕೆ ಬಳಸುವ ಹಾಗಿಲ್ಲ.

ಗೇಮ್‌ನೊಳಗೆ ಕೂರಿಸುವುದು

ತುಂಬ ಜನ ಇಲ್ಲಿಗೇ ನಿಂತುಬಿಡುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

ಒಂದು ಆಟೋ ಓಡಿಸುವ ಗೇಮ್ ಇದೆ ಅಂದುಕೊಳ್ಳಿ. ಎಂಜಿನ್ನಿನ ಸದ್ದನ್ನು ಒಂದೇ ಉದ್ದದ ಫೈಲಾಗಿ ಹಾಕಲು ಆಗುವುದಿಲ್ಲ, ಆಡುವವರು ಯಾವಾಗ ಎಕ್ಸಿಲೇಟರ್ ತಿರುಗಿಸುತ್ತಾರೋ ಯಾರಿಗೆ ಗೊತ್ತು? ಹಾಗಾಗಿ ನಿಂತಾಗಿನ ಗುಟುರು, ನಿಧಾನದ್ದು, ಮಧ್ಯಮ ವೇಗದ್ದು, ಪೂರ್ತಿ ಒತ್ತಿದಾಗಿನದು ಅಂತ ನಾಲ್ಕು ಬೇರೆ ಬೇರೆ ಲೂಪ್, ಅಂದರೆ ಮುಗಿದ ಕೂಡಲೇ ಮತ್ತೆ ಮೊದಲಿಂದ ಕೇಳುವ ತುಣುಕು, ಮಾಡುತ್ತೀರಿ. ಗೇಮ್, ಆಟೋ ಎಂಜಿನ್ನಿನ ವೇಗವನ್ನು ಒಂದು ಸಂಖ್ಯೆಯಾಗಿ ಕಳಿಸುತ್ತಾ ಇರುತ್ತದೆ. ಆ ಸಂಖ್ಯೆ ಏರಿದ ಹಾಗೆ ಒಂದು ಲೂಪ್ ಕರಗಿ ಇನ್ನೊಂದು ಮೇಲೇಳಬೇಕು. ಜೋಡಣೆ ಸರಿಯಾಗಿದ್ದರೆ ನಾಲ್ಕು ಫೈಲ್ ಇದೆ ಅಂತ ಯಾರಿಗೂ ತಿಳಿಯುವುದಿಲ್ಲ. ಆಟೋ ಸುರಂಗಕ್ಕೆ ಹೋದಾಗ ಗುಂಯ್‌ಗುಟ್ಟುವುದು, ಮಳೆ ಬಂದರೆ ಚಕ್ರದ ಸದ್ದು ಬದಲಾಗುವುದು, ಎಲ್ಲವೂ ಹೀಗೇ.

ಇದನ್ನು ಮಾಡುವ ತಂತ್ರಾಂಶಕ್ಕೆ ಮಿಡಲ್‌ವೇರ್ ಅನ್ನುತ್ತಾರೆ. ಎರಡು ಹೆಸರು ನೆನಪಿಟ್ಟುಕೊಳ್ಳಿ: ಆಸ್ಟ್ರೇಲಿಯಾದ ಎಫ್‌ಮಾಡ್, ಕೆನಡಾದ ವೈಸ್. ಕಲಿಯಲು ಎರಡಕ್ಕೂ ದುಡ್ಡು ಕೊಡಬೇಕಿಲ್ಲ. ವೈಸ್‌ನವರು ಪಾಠಗಳನ್ನೂ ಉಚಿತವಾಗಿ ಕೊಡುತ್ತಾರೆ. ಜೊತೆಗೆ ಗೇಮ್ ಕಟ್ಟುವ ತಂತ್ರಾಂಶಗಳಾದ ಯೂನಿಟಿ ಅಥವಾ ಅನ್‌ರಿಯಲ್, ಯಾವುದಾದರೂ ಒಂದರಲ್ಲಿ ಸದ್ದು ಕೂರಿಸುವಷ್ಟು ತಿಳಿದಿರಲಿ. ಸ್ವಲ್ಪ ಕೋಡಿಂಗ್ ಬಂದರೆ ತಂಡದಲ್ಲಿ ನಿಮ್ಮ ಬೆಲೆಯೇ ಬೇರೆ.

ಮೊಬೈಲ್ ಗೇಮ್ ಆದರೆ ಫೋನಿನ ಸ್ಪೀಕರ್‌ನಲ್ಲೂ ಕೇಳಿ ನೋಡಿ. ಹೆಡ್‌ಫೋನ್‌ನಲ್ಲಿ ಎದೆ ನಡುಗಿಸಿದ ಸ್ಫೋಟ ಅಲ್ಲಿ ಸುಮ್ನೆ ಪುಸ್ ಅನ್ನಬಹುದು.

ತೋರಿಸುವುದು, ಕೇಳುವುದು

ಗೇಮ್ ಜಾಮ್‌ಗಳಿಗೆ ಹೋಗಿ. 2009ರಿಂದ ಗ್ಲೋಬಲ್ ಗೇಮ್ ಜಾಮ್ ನಡೆಯುತ್ತಿದೆ. ಕೆಲವೇ ದಿನಗಳಲ್ಲಿ ತಂಡ ಕಟ್ಟಿ ಒಂದು ಸಣ್ಣ ಗೇಮ್ ಮುಗಿಸಬೇಕು. ಅಲ್ಲಿ ಚಿತ್ರ ಬರೆಯುವವರು, ಕೋಡ್ ಮಾಡುವವರು ಬೇಕಾದಷ್ಟು ಸಿಗುತ್ತಾರೆ, ಸದ್ದು ಮಾಡುವವರು ಕಡಿಮೆ. ನಾಲ್ಕು ಗೇಮ್ ಮುಗಿಸಿದರೆ ತೋರಿಸಲು ನಾಲ್ಕು ಕೆಲಸ ಆಯಿತಲ್ವಾ?

ನಿಮ್ಮ ಕೆಲಸದ ವಿಡಿಯೊ, ಅಂದರೆ ಶೋರೀಲ್, ಎರಡು ನಿಮಿಷ ದಾಟದಿರಲಿ. ನನ್ನ ಮೊದಲನೆಯದು ಆರು ನಿಮಿಷ ಇತ್ತು, ಉದ್ದಕ್ಕೂ ಹಿನ್ನೆಲೆ ಸಂಗೀತ. ಹಿರಿಯರೊಬ್ಬರು ಅರ್ಧ ನಿಮಿಷ ನೋಡಿ, ‘ಸಂಗೀತ ತೆಗಿ, ನೀನು ಮಾಡಿದ್ದು ಯಾವುದು ಅಂತ ಕೇಳಿಸಲಿ’ ಅಂದರು. ಅವರ ಮಾತು ನೂರಕ್ಕೆ ನೂರು ಸರಿ. ಅತ್ಯುತ್ತಮವಾದದ್ದನ್ನು ಮೊದಲೇ ಹಾಕಿ. ಮಿಡಲ್‌ವೇರ್‌ನಲ್ಲಿ ಹೇಗೆ ಜೋಡಿಸಿದಿರಿ ಅನ್ನುವುದನ್ನೂ ಸ್ಕ್ರೀನ್ ಸಮೇತ ತೋರಿಸಿ.

ರೆಕಾರ್ಡಿಂಗ್ ಕ್ರಮವಾಗಿ ಕಲಿಯಬೇಕಿದ್ದರೆ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆ, ಪುಣೆಯ ಚಲನಚಿತ್ರ ಮತ್ತು ಟಿ.ವಿ. ಸಂಸ್ಥೆ ಎಫ್‌ಟಿಐಐ ಇವೆ. ಅಲ್ಲಿಯ ಪಾಠ ಸಿನಿಮಾಕ್ಕೆ, ಆದರೂ ಬುನಾದಿ ಗಟ್ಟಿಯಾಗುತ್ತದೆ. ಬೆಂಗಳೂರಿನಲ್ಲಿ ರಾಕ್‌ಸ್ಟಾರ್, ಪುಣೆ ಮತ್ತು ಮುಂಬೈಯಲ್ಲಿ ಯೂಬಿಸಾಫ್ಟ್‌ನಂಥ ದೊಡ್ಡ ಗೇಮ್ ಸ್ಟುಡಿಯೊಗಳಿವೆ. ಆದರೆ ಸದ್ದಿಗೆಂದೇ ಮೀಸಲಾದ ಹುದ್ದೆಗಳು ನಮ್ಮಲ್ಲಿ ಕಡಿಮೆ. ಅದನ್ನು ಮುಚ್ಚಿಡಬಾರದು. ಹೆಚ್ಚಿನವರು ಸಣ್ಣ ತಂಡಗಳಿಗೆ ಮನೆಯಿಂದಲೇ ಬಿಡಿ ಕೆಲಸ ಮಾಡುತ್ತಾ ಮೇಲೆ ಬರುತ್ತಾರೆ. ಅಂಥ ಕೆಲಸ ಹಿಡಿಯುವಾಗ ಎಷ್ಟು ಸದ್ದು, ಎಷ್ಟು ಸಲ ತಿದ್ದುಪಡಿ, ಮುಂಗಡ ಎಷ್ಟು, ಸದ್ದಿನ ಹಕ್ಕು ಯಾರಿಗೆ, ಈ ನಾಲ್ಕನ್ನು ಬರೆಸಿಕೊಂಡ ಮೇಲೆಯೇ ಮೊದಲ ಫೈಲ್ ಕಳಿಸಿ.